ಗೋಡೆಯಾಚೆಯ ಹಣ್ಣು ಆಯುವ ಎದೆಲ್ಮಿರಾ

ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿದೆ, ತೋಟಕ್ಕೆ ಇನ್ನೂ ಇಳಿದಿಲ್ಲ. ಎದೆಲ್ಮಿರಾ ಮಕಾವಿಲ್ಕ ಚಿರಿಮೋಯ ಮರದ ಕೆಳಗೆ ಕತ್ತೆತ್ತಿ ನಿಂತಿದ್ದಾರೆ. ಎಡಗೈಯಲ್ಲಿ ಬಗ್ಗಿಸಿ ಹಿಡಿದ ಕೊಂಬೆ, ಬಲಗೈಯಲ್ಲಿ ಮಕ್ಕಳು ಚಿತ್ರಕ್ಕೆ ಬಣ್ಣ ಹಚ್ಚುವಂಥ ಸಣ್ಣ ಕುಂಚ, ಕೊರಳಲ್ಲಿ ದಾರಕ್ಕೆ ಕಟ್ಟಿದ ಗುಳಿಗೆ ಡಬ್ಬಿ. ಡಬ್ಬಿಯೊಳಗೆ ಚಿಟಿಕೆಯಷ್ಟು ಕೆನೆಬಣ್ಣದ ಪುಡಿ. ಕುಂಚವನ್ನು ಅದಕ್ಕೆ ಸೋಕಿಸಿ, ತಲೆ ತಗ್ಗಿಸಿ ನೇತಾಡುವ ಹೂವಿನ ದಪ್ಪ ಎಸಳುಗಳ ನಡುವೆ ತೂರಿಸಿ, ಒಂದು ಸುತ್ತು ತಿರುಗಿಸಿ ಹೊರಗೆಳೆಯುತ್ತಾರೆ. ಮತ್ತೊಂದು ಹೂವು, ಮಗದೊಂದು. ನಾಲ್ಕನೆಯದರ ಮುಂದೆ ನಿಂತು ನೋಡಿ, ಮುಟ್ಟದೆ ಮುಂದೆ ಸಾಗುತ್ತಾರೆ.

"ಅದನ್ನ ಯಾಕೆ ಬಿಟ್ರಿ?" ಎಂದು ಕೇಳುತ್ತೇನೆ.

"ಅದಕ್ಕಿನ್ನೂ ನಿದ್ದೆ. ನಾಳೆ ಎದ್ದೇಳುತ್ತೆ."

ಚಿರಿಮೋಯ ಎಂದರೆ ಸೀತಾಫಲದ ದೊಡ್ಡಕ್ಕ. ಸಿಪ್ಪೆ ನುಣುಪು, ಬೀಜ ಕಡಿಮೆ, ತಿರುಳು ಬೆಣ್ಣೆಯಂತೆ. ಆದರೆ ಅದರ ಹೂವಿನ ಸಂಸಾರ ಮಾತ್ರ ವಿಚಿತ್ರ. ಬೆಳಿಗ್ಗೆ ಎಸಳು ಅರೆ ಬಿರಿದಾಗ ಅದು ಹೆಣ್ಣು. ಆಮೇಲೆ ಒಂದು ಸಂಜೆ ಪೂರಾ ಅರಳಿದಾಗ ಗಂಡು. ಒಂದೇ ಹೂವಿನಲ್ಲಿದ್ದೂ ಇಬ್ಬರಿಗೆ ಭೇಟಿಯಿಲ್ಲ. "ಗಂಡ ಮನೆಗೆ ಬರೋ ಹೊತ್ತಿಗೆ ಹೆಂಡತಿ ಕದ ಹಾಕ್ಕೊಂಡಿರ್ತಾಳೆ. ನಡುವೆ ಓಡಾಡೋ ಕೆಲಸ ನನ್ನದು," ಎನ್ನುತ್ತಾರೆ ಎದೆಲ್ಮಿರಾ. ಸಂಜೆ ಗಂಡುಹೂಗಳನ್ನು ಕಿತ್ತು ಕಾಗದದ ಮೇಲೆ ಹರಡಿ ಪರಾಗ ಉದುರಿಸಿಕೊಳ್ಳುವುದು, ಬಿಸಿಲೇರುವ ಮುನ್ನ ಅದನ್ನು ಹೆಣ್ಣುಹೂಗಳಿಗೆ ತಲುಪಿಸುವುದು: ಹೂ ಬಿಡುವ ಕಾಲದಲ್ಲಿ ದಿನವೂ ಇದೇ. ಬೆಳಗಿನ ತಂಪು ಹೋಗುವುದರೊಳಗೆ ಮುನ್ನೂರು ಹೂವಾದರೂ ಮುಗಿಯಬೇಕು. ಕೈಯಾಡಿಸದೆ ಬಿಟ್ಟ ಮರದಲ್ಲಿ ಸಿಗುವುದು ನಾಲ್ಕು ಹಣ್ಣು. ಅವೂ ಹಲ್ಲುನೋವು ಬಂದವರ ಮುಖದ ಹಾಗೆ, ಒಂದು ಕೆನ್ನೆ ಊದಿ ಇನ್ನೊಂದು ಕೆನ್ನೆ ಒಳಕ್ಕೆ ಹೋಗಿರುತ್ತವೆ.

ಕಣಿವೆಯ ಕೆಳಗಿನ ಪೇಟೆಯಲ್ಲಿರುವ ನಾನು ಈ ತೋಟದ ಹಣ್ಣನ್ನು ಎಷ್ಟೋ ವರ್ಷದಿಂದ ತಿನ್ನುತ್ತಿದ್ದೇನೆ. ಬೆಳೆಯುವವರನ್ನು ನೋಡಿರಲಿಲ್ಲ. ಬೆಟ್ಟದ ಮೇಲಿನ ಕಾಸ್ಪಚಾಕ ಊರಿನಲ್ಲಿ ಔಷಧಿ ಹೊಡೆಯದೆ ಹಣ್ಣು ತೆಗೆಯುವ ಹೆಂಗಸೊಬ್ಬರಿದ್ದಾರೆ, ತಮ್ಮ ತೋಟಕ್ಕಿಂತ ಮೊದಲು ಪಕ್ಕದವರ ತೋಟಕ್ಕೆ ಹೋಗುತ್ತಾರಂತೆ, ಒಮ್ಮೆ ಹುಳ ಕದ್ದು ದಂಡ ಕಟ್ಟಿದ್ದಾರಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಹುಳವನ್ನು ಯಾರು ಕದಿಯುತ್ತಾರೆ, ಏತಕ್ಕೆ ಕದಿಯುತ್ತಾರೆ? ಅದನ್ನು ತಿಳಿದುಕೊಳ್ಳಲೆಂದೇ ಈ ಬೆಟ್ಟ ಹತ್ತಿದ್ದು.

ಎದೆಲ್ಮಿರಾ ಈ ಊರಿನವರಲ್ಲ. ಇನ್ನೂ ಮೇಲಿನ, ಕುರಿ ಮತ್ತು ಆಲೂಗಡ್ಡೆಯ ಸೀಮೆಯವರು. "ನಮ್ಮೂರಲ್ಲಿ ಮರ ಅಂದ್ರೆ ಬಾಗಿಲ ಚೌಕಟ್ಟು ಮಾತ್ರ. ನಿಂತಿರೋ ಮರ ನೋಡಿದ್ದೇ ಇಲ್ಲಿಗೆ ಮದುವೆ ಆಗಿ ಬಂದ್ಮೇಲೆ," ಎಂದು ನಗುತ್ತಾರೆ. ಗಂಡ ಸಬಾಸ್‌ನ ಮನೆಗೆ ಆಗ ಒಂದೇ ತೋಟ. ಬೆಟ್ಟದ ಬದಿಯಲ್ಲಿ ಕಲ್ಲುಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ನೆಲ, ಮೇಲ್ತುದಿಯಲ್ಲಿ ನೀರಿನ ತೊಟ್ಟಿ. ಹೊಸ ಸೊಸೆಗೆ ಕುಂಚ ಹಿಡಿಯುವುದನ್ನು ಕಲಿಸಿದವರು ಗಂಡನ ಅಣ್ಣ ಗ್ರಿಮಾಲ್ದೊ. ಮದುವೆಯಾಗದ, ಕಡಿಮೆ ಮಾತಿನ ಮನುಷ್ಯ. "ಒಂದು ಹೂವಿನ ಎಸಳು ಮುರಿದುಬಿಟ್ಟೆ. ಬಯ್ಯಲಿಲ್ಲ. 'ಮಲಗಿರೋ ಮಗೂಗೆ ಹೊದಿಕೆ ಸರಿಮಾಡ್ತೀಯಲ್ಲ, ಹಾಗೆ ಮಾಡು' ಅಂದ್ರು ಭಾವ. ಆಮೇಲೆ ಒಂದೂ ಮುರೀಲಿಲ್ಲ."

ಮಾವ ತೀರಿಕೊಂಡ ಮೇಲೆ ತೋಟ ಎರಡಾಯಿತು. ನಡುವೆ ಎದೆಮಟ್ಟದ ಕಲ್ಲುಗೋಡೆ ಎದ್ದಿತು. ನೀರಿನ ತೊಟ್ಟಿ ಅಣ್ಣನ ಪಾಲಿಗೆ ಹೋಯಿತು. ಗ್ರಿಮಾಲ್ದೊ ಊರಿನ ನೀರುಗಂಟಿಯೂ ಹೌದು. ಕಾಲುವೆಯ ನೀರು ಯಾರಿಗೆ ಯಾವಾಗ ಎಂದು ತೂಬು ತಿರುಗಿಸುವವರು ಅವರೇ. ಮಳೆ ಕಡಿಮೆಯಾದ ಒಂದು ವರ್ಷ ತಮ್ಮನ ಸರದಿ ತಪ್ಪಿತು. ಸಬಾಸ್‌ನ ಎಳೆ ಮರಗಳ ಎರಡು ಸಾಲು ಒಣಗಿದವು. ಅಣ್ಣ ಬೇಕೆಂದೇ ಮಾಡಿದ ಎಂದು ತಮ್ಮ, ತಮ್ಮನೇ ತನ್ನ ಸರದಿಗೆ ಎದ್ದು ಬರಲಿಲ್ಲ ಎಂದು ಅಣ್ಣ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಬ್ಬದ ಊಟಕ್ಕೆ ಕೂತರೂ ನಡುವೆ ನಾಲ್ಕು ಜನರನ್ನು ಬಿಟ್ಟು ಕೂರುತ್ತಿದ್ದರು.

ಔಷಧಿ ಬಿಟ್ಟ ಕತೆ ಬೇರೆ. ಆಗ ಎಲ್ಲರಂತೆ ಇವರೂ ಬೆನ್ನಿಗೆ ಪಂಪು ಕಟ್ಟಿ ಹೊಡೆಯುತ್ತಿದ್ದರು. ಎದೆಲ್ಮಿರಾ ಅಡಿಗೆಮನೆಯ ಮೂಲೆಯಲ್ಲಿ ಮೊಲದ ಮರಿಯಂಥ ಗಿನಿಹಂದಿಗಳನ್ನು ಸಾಕಿದ್ದರು, ಎಲ್ಲರ ಮನೆಯಲ್ಲಿರುವಂತೆ. ಮರದ ಬುಡದ ಹುಲ್ಲನ್ನು ಕೊಯ್ದು ಅವಕ್ಕೆ ಹಾಕುವುದು ರೂಢಿ. ಒಂದು ಬೆಳಿಗ್ಗೆ ಒಲೆ ಹಚ್ಚಲು ಹೋದಾಗ ಯಾವಾಗಲೂ ಕಾಲಿಗೆ ಅಡ್ಡ ಬರುವ ಕೀಚಲು ದನಿಗಳಿಲ್ಲ. ಎಲ್ಲವೂ ಸತ್ತು ಬಿದ್ದಿದ್ದವು.

"ಅವು ಸತ್ತಿದ್ದಕ್ಕೆ ಅಳ್ತಾ ಕೂತೆ ಅಂತ ಸುಳ್ಳು ಹೇಳಲ್ಲ. ಹೇಗೂ ತಿನ್ನೋಕೇ ಸಾಕಿದ್ದು," ಎನ್ನುತ್ತಾರೆ ಕುಂಚದ ತುದಿಯನ್ನು ಬೆರಳಲ್ಲಿ ಸವರುತ್ತ. "ಆದ್ರೆ ಅದೇ ಹುಲ್ಲಿನ ಮೇಲೆ ನನ್ನ ಮಗಳು ಬಿದ್ದು ಹೊರಳಾಡಿ ಬರ್ತಿದ್ಲು. ಅವತ್ತು ಪಂಪನ್ನ ತಗೊಂಡೋಗಿ ಅಟ್ಟಕ್ಕೆ ಹಾಕ್ದೆ. ಸಬಾಸ್ ಕೇಳಿದ, ಬೆಳೆಗೆ ಏನ್ಮಾಡ್ತೀಯ ಅಂತ. ಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿರಲಿಲ್ಲ."

ಮುಂದಿನ ಹಂಗಾಮುಗಳು ಕಷ್ಟದವು. ರಸ ಹೀರುವ ಹಿಟ್ಟುತಿಗಣೆ ಕೊಂಬೆಗಳನ್ನು ಬೆಳ್ಳಗೆ ಮಾಡಿತು. ಹಣ್ಣು ಮುಷ್ಟಿಯಷ್ಟಕ್ಕೇ ನಿಂತಿತು. ಸಬಾಸ್ ರಸ್ತೆ ಕೆಲಸಕ್ಕೆ ಹೋಗಿ ಮನೆ ನಡೆಸಿದ. ಎದೆಲ್ಮಿರಾ ಹೊಸದಾಗಿ ಸಾಕಿದ ಗಿನಿಹಂದಿಗಳ ಗೊಬ್ಬರವನ್ನು ಕೊಳೆಸಿ ಬುಡಕ್ಕೆ ಹಾಕಿದರು, ಕೊಂಬೆ ಸವರಿ ಬೆಳಕು ಬಿಟ್ಟರು, ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ಕಾಕಂಬಿ ತುಂಬಿ ನೊಣಕ್ಕೆ ಬಲೆಯಾಗಿ ತೂಗುಹಾಕಿದರು. ಮೆಲ್ಲಗೆ ಮರಗಳು ಚೇತರಿಸಿಕೊಂಡವು. ಈಗ ಹಣ್ಣಿನ ಕಾಲದಲ್ಲಿ ಶನಿವಾರ ಬಂತೆಂದರೆ ಸಬಾಸ್ ಒಣಹುಲ್ಲು ಹಾಸಿದ ಪೆಟ್ಟಿಗೆಗಳನ್ನು ಬಸ್ಸಿನ ಮೇಲೇರಿಸಿ ರಾಜಧಾನಿ ಲಿಮಾಕ್ಕೆ ಒಯ್ಯುತ್ತಾನೆ. ಔಷಧಿ ಹಾಕದ ಬೆಳೆಯವರೇ ಕೂರುವ ಸಂತೆ ಅಲ್ಲಿದೆ. ಮಗಳು ನೆರಿಡಾ ಹಣ್ಣು ವಿಂಗಡಿಸುತ್ತಾಳೆ. ಮರದ ಕೆಲಸವೆಲ್ಲ ಎದೆಲ್ಮಿರಾ ಅವರದು.

ಆದರೆ ನೊಣಕ್ಕೆ ಗೋಡೆ ಗೊತ್ತಿಲ್ಲ. ಹಣ್ಣುನೊಣ ಮಾಗುವ ಹಣ್ಣಿಗೆ ಚುಚ್ಚಿ ಮೊಟ್ಟೆಯಿಡುತ್ತದೆ, ಒಳಗೆ ಹುಳವಾಗುತ್ತದೆ, ಹಣ್ಣು ಉದುರುತ್ತದೆ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಔಷಧಿ ಹೊಡೆಯದವರಿಗೆ ಇರುವ ದಾರಿ ಒಂದೇ: ಉದುರಿದ ಹಣ್ಣನ್ನು ಹುಳ ಮಣ್ಣು ಸೇರುವ ಮೊದಲೇ ಆಯ್ದು ಹೂಳುವುದು. ತಮ್ಮ ತೋಟದಲ್ಲಿ ಎದೆಲ್ಮಿರಾ ಒಂದು ಹಣ್ಣನ್ನೂ ಬಿಡುತ್ತಿರಲಿಲ್ಲ. ಆದರೂ ಮೂರು ವರ್ಷದ ಕೆಳಗೆ, ಹಣ್ಣಿನ ಕಾಲ ಶುರುವಾಗುತ್ತಿದ್ದಂತೆ, ಸಬಾಸ್ ಲಿಮಾದಿಂದ ತುಂಬಿದ ಪೆಟ್ಟಿಗೆಗಳನ್ನೇ ವಾಪಸು ತಂದ. ಕೊಯ್ದ ಹಣ್ಣಿನಲ್ಲಿ ಹುಳ.

ಎದೆಲ್ಮಿರಾ ಗೋಡೆಯ ಮೇಲಿಂದ ಇಣುಕಿ ನೋಡಿದರು. ಗ್ರಿಮಾಲ್ದೊನ ಮರಗಳ ಕೆಳಗೆ ಹಣ್ಣುಗಳು ರಾಶಿ ಬಿದ್ದು ಕೊಳೆಯುತ್ತಿದ್ದವು.

"ನನಗೆ ಆಶ್ಚರ್ಯ ಆಯ್ತು. ಭಾವ ಅಷ್ಟು ಅಚ್ಚುಕಟ್ಟಿನ ಮನುಷ್ಯ. ತೋಟದಲ್ಲಿ ಒಂದು ಒಣ ಎಲೆ ಬಿದ್ರೂ ಎತ್ತೋರು."

ಹೋಗಿ ಕೇಳಿದರು. ಗ್ರಿಮಾಲ್ದೊ ಬಾಗಿಲಲ್ಲೇ ನಿಂತು ಹೇಳಿದ್ದು: "ನನ್ನ ಹಣ್ಣು ನನ್ನ ನೆಲಕ್ಕೆ ಬೀಳುತ್ತೆ. ನಿನ್ನ ನೆಲಕ್ಕೆ ಬಿದ್ದ ದಿನ ಬಾ."

ಮರುದಿನದಿಂದ ಎದೆಲ್ಮಿರಾ ಬೆಳಕು ಹರಿಯುವ ಮುನ್ನ ಗೋಡೆ ಹತ್ತಿ ಇಳಿಯತೊಡಗಿದರು. ಚೀಲ ತುಂಬ ಕೊಳೆತ ಹಣ್ಣು ಆಯ್ದು ತಂದು ತಮ್ಮ ಗುಂಡಿಯಲ್ಲಿ ಹೂಳುವುದು. ಸಬಾಸ್‌ಗೆ ಸಿಟ್ಟು ಬಂತು. "ಅವನ ಕಸ ಹೊರೋಕೆ ನಿನ್ನ ಇಲ್ಲಿಗೆ ಕರ್ಕೊಂಡು ಬಂದ್ನಾ?" ಎಂದ. "ನಾನು ಹೊರ್ತಿರೋದು ನಮ್ಮ ನೊಣಾನ," ಎಂದರು ಇವರು.

ಚೀಲ ಹೊತ್ತು ಗೋಡೆ ದಾಟುವ ಹೆಂಗಸನ್ನು ಯಾರೋ ಕಂಡರು. ಸುದ್ದಿ ಗ್ರಿಮಾಲ್ದೊಗೆ ಮುಟ್ಟಿತು. ಭಾನುವಾರ ಊರ ಸಭೆ. ಹುಳ ಎಲ್ಲರ ತೋಟದಲ್ಲೂ ಹೆಚ್ಚಿದ್ದರಿಂದ ಇಡೀ ಬೆಟ್ಟದ ಬದಿಗೆ ಔಷಧಿ ಹೊಡೆಸಬೇಕೇ ಎಂಬುದೇ ಅಂದಿನ ಮಾತು. ಹಾಗೆ ಹೊಡೆದರೆ ಎದೆಲ್ಮಿರಾ ಅವರ ಇಷ್ಟು ವರ್ಷದ ಪಾಡು ಮಣ್ಣುಪಾಲು. ಆ ಮಾತು ಶುರುವಾಗುವ ಮುಂಚೆಯೇ ಗ್ರಿಮಾಲ್ದೊ ಎದ್ದು ನಿಂತು, ತಮ್ಮನ ಹೆಂಡತಿ ತನ್ನ ಹಣ್ಣು ಕದಿಯುತ್ತಿದ್ದಾಳೆ ಎಂದರು.

"ಹೌದು, ತಗೊಂಡಿದ್ದೀನಿ. ಇವತ್ತಿಂದು ಇನ್ನೂ ಹೂತಿಲ್ಲ. ವಾಪಸ್ ಕೊಡ್ತೀನಿ," ಎಂದು ಎದೆಲ್ಮಿರಾ ಮಗಳನ್ನು ಕರೆದುಕೊಂಡು ಹೋಗಿ ಚೀಲ ತಂದು ಸಭೆಯ ನಡುವೆ ಸುರಿದರು. ವಾಸನೆಗೆ ಮುಂದಿನ ಸಾಲಿನವರು ಹಿಂದೆ ಸರಿದರು. ಹುಳಗಳು ನೆಲದ ಮೇಲೆ ಹರಿದಾಡಿದವು.

"ಎಣಿಸ್ಕೋ ಗ್ರಿಮಾಲ್ದೊ, ಹುಳ ಬಿಡಬೇಡ," ಎಂದರು ಒಬ್ಬರು. ಸಭೆ ನಕ್ಕಿತು.

ಗ್ರಿಮಾಲ್ದೊ ಬಗ್ಗಿ, ತಡಕಾಡಿ, ಒಂದು ಹಣ್ಣನ್ನು ಕೈಗೆತ್ತಿಕೊಂಡರು. ಒತ್ತಿ ನೋಡಿದರು. "ನೋಡಿ, ಗಟ್ಟಿ ಹಣ್ಣು. ಇದರ ಮೇಲೆ ಒಂದು ಕಲೆ ಇದೆಯಾ?" ಎಂದು ಎಲ್ಲರಿಗೂ ಹಿಡಿದು ತೋರಿಸಿದರು. ಅದರ ಮೇಲೆಲ್ಲ ಕಪ್ಪು ತೂತುಗಳಿದ್ದವು. ಒಂದರಿಂದ ಹುಳ ಹೊರಬಂದು ಅವರ ಹೆಬ್ಬೆರಳಿನ ಮೇಲೆ ಹತ್ತುತ್ತಿತ್ತು. ಮೊಂಡುತನಕ್ಕೂ ಮಿತಿ ಬೇಡವೇ ಎಂದು ಜನ ಹೊಟ್ಟೆ ಹಿಡಿದು ನಕ್ಕರು.

"ನಾನೂ ನಗ್ತಿದ್ದೆ," ಎನ್ನುತ್ತಾರೆ ಎದೆಲ್ಮಿರಾ. ಕುಂಚ ನಿಂತಿದೆ. "ಆಮೇಲೆ ಅವರ ಕಣ್ಣು ನೋಡ್ದೆ. ಹಣ್ಣು ಕೈಯಲ್ಲಿದೆ, ಕಣ್ಣು ಅದರ ಪಕ್ಕ ಎಲ್ಲೋ ಇದೆ. ಆಗ ಹೊಳೀತು, ಇವರಿಗೆ ಕಾಣ್ತಾ ಇಲ್ಲ ಅಂತ. ಹಣ್ಣು ಬಿದ್ದಿರೋದೂ ಕಾಣಲ್ಲ. ಅದಕ್ಕೇ ಎತ್ತಿಲ್ಲ."

ಆಗ ಅವರು ಅದನ್ನು ಹೇಳಬಹುದಿತ್ತು. ಹೇಳಿದ್ದರೆ ಅಲ್ಲೇ ಗೆದ್ದುಬಿಡುತ್ತಿದ್ದರು. ಆದರೆ ಕಣ್ಣು ಕಾಣದವರ ಕೈಯಲ್ಲಿ ಊರು ತೂಬಿನ ಕೀಲಿ ಬಿಡುವುದಿಲ್ಲ. ಗ್ರಿಮಾಲ್ದೊಗೆ ನೀರುಗಂಟಿ ಕೆಲಸ ಬಿಟ್ಟರೆ ಬೇರೆ ಮರ್ಯಾದೆ ಇರಲಿಲ್ಲ. ಎದೆಲ್ಮಿರಾ ಎದ್ದು ಹೇಳಿದ್ದು ಇಷ್ಟೇ: "ಕೇಳ್ದೆ ಇನ್ನೊಬ್ಬರ ಗೋಡೆ ದಾಟಿದ್ದು ನನ್ನ ತಪ್ಪು. ದಂಡ ಹಾಕಿ."

ಕಾಲುವೆಯ ಹೂಳೆತ್ತುವ ದಿನ ಇಬ್ಬರಾಳಿನ ಕೆಲಸ ಮಾಡಬೇಕೆಂದು ದಂಡವಾಯಿತು. ಆದರೆ ನೆಲದ ಮೇಲಿದ್ದ ಹುಳ ಔಷಧಿ ಬೇಕೆನ್ನುವವರ ದನಿಯನ್ನೇ ಗಟ್ಟಿ ಮಾಡಿತು. ಇಷ್ಟು ಹುಳ ನೋಡಿದ ಮೇಲೂ ಸುಮ್ಮನಿರುವುದೇ ಎಂದರು ಹಲವರು. ಎದೆಲ್ಮಿರಾ ಮತ್ತೆ ಎದ್ದರು. "ಮುಂದಿನ ಕೊಯ್ಲಿನವರೆಗೆ ಕೊಡಿ. ಯಾರ್ಯಾರಿಗೆ ಆಗಲ್ವೋ ಅವರ ತೋಟದ ಉದುರು ಹಣ್ಣೆಲ್ಲ ನಾನು ಆಯ್ತೀನಿ. ಆಮೇಲೂ ಹುಳ ಇದ್ರೆ ಪಂಪು ತನ್ನಿ. ನಾನು ಬಾಯಿ ಬಿಡಲ್ಲ."

"ಅಂದ್ರೆ ಈಗ ದಂಡ ಹಾಕಿದ ಕಳ್ಳತನಾನೇ ಊರ ಒಪ್ಪಿಗೆ ತಗೊಂಡು ಮಾಡ್ತೀಯ," ಎಂದರು ಊರ ಅಧ್ಯಕ್ಷರು. ಸಭೆ ಇನ್ನೊಮ್ಮೆ ನಕ್ಕು ಒಪ್ಪಿತು.

ಸಂಜೆ ಎದೆಲ್ಮಿರಾ ಒಂದು ಪಾತ್ರೆ ಸಾರು, ಬೇಯಿಸಿದ ಜೋಳ ತೆಗೆದುಕೊಂಡು ಭಾವನ ಮನೆಗೆ ಹೋದರು. ಬಾಗಿಲು ತೆರೆದಿತ್ತು.

"ಎಷ್ಟು ದಿನದಿಂದ ಭಾವ?"

"ಏನು ಎಷ್ಟು ದಿನದಿಂದ?"

"ಕಣ್ಣು."

ಗ್ರಿಮಾಲ್ದೊ ತಡಕಿ ಬಾಗಿಲು ಮುಂದೆ ಮಾಡಿದರಂತೆ. ಆಮೇಲೆ, "ಯಾರಿಗೆ ಹೇಳ್ದೆ?" ಎಂದರು.

"ಯಾರಿಗೂ ಇಲ್ಲ."

"ಸಬಾಸ್‌ಗೆ?"

"ಅವನಿಗೂ ಇಲ್ಲ. ಸಾರು ಆರಿ ಹೋಗುತ್ತೆ, ಉಣ್ಣಿ."

ಅಂದು ಒಂದು ಏರ್ಪಾಡು ಆಯಿತು. ಬೆಳಿಗ್ಗೆ ಎರಡೂ ತೋಟಗಳ ಉದುರು ಹಣ್ಣು ಆಯುವುದು ಇವರದು. ಹೂವಿನ ಕಾಲ ಬಂದಾಗ ಸಂಜೆ ಗಂಡುಹೂ ಕೀಳುವುದು ಭಾವನದು. ಪೂರಾ ಅರಳಿದ ಹೂವು ಬೆರಳಿಗೇ ತಿಳಿಯುತ್ತದೆ, ವಾಸನೆಯೂ ಮಾಗಿದ ಹಣ್ಣಿನದು, ಕಣ್ಣು ಬೇಕಿಲ್ಲ. ಹೂ ಬಿಡಿಸಿ ಕಾಗದದಲ್ಲಿ ಸುತ್ತಿ ಗೋಡೆಯ ಮೇಲಿಟ್ಟು ಹೋಗುತ್ತಿದ್ದರು. ಎದೆಲ್ಮಿರಾ ಎರಡೂ ಕಡೆಯ ಹೆಣ್ಣುಹೂಗಳಿಗೆ ಅದರ ಪರಾಗವನ್ನೇ ಹಚ್ಚುತ್ತಿದ್ದರು.

ಸಬಾಸ್‌ಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಅವನೇ ಗೋಡೆಯ ಈಚೆಯಿಂದ ನೋಡಿದ. ಅಣ್ಣ ಎರಡೂ ಕೈ ಮುಂದೆ ಚಾಚಿ ಎಲೆಗಳ ನಡುವೆ ಹುಡುಕುತ್ತಿದ್ದ. ಆ ಸಂಜೆಯ ಬಗ್ಗೆ ಕೇಳಿದರೆ ಸಬಾಸ್ ಪೆಟ್ಟಿಗೆಗೆ ಮೊಳೆ ಹೊಡೆಯುವುದನ್ನು ನಿಲ್ಲಿಸುವುದಿಲ್ಲ. "ಏನಿಲ್ಲ. ಗೋಡೆ ದಾಟಿ ಹೋದೆ. 'ಕೊಂಬೆ ಕೆಳಗಿದೆ, ತಲೆ ಜೋಪಾನ' ಅಂದೆ. ಅವನು 'ಹಂಗಾದ್ರೆ ಬಗ್ಗಿಸಿ ಹಿಡ್ಕೋ' ಅಂದ. ಹಿಡ್ಕೊಂಡೆ." ಇನ್ನೊಂದು ಮೊಳೆ ಹೊಡೆದು, "ಒಣಗಿದ ಮರದ ಮಾತು ಇಬ್ಬರೂ ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ," ಎನ್ನುತ್ತಾನೆ.

ಮುಂದಿನ ಕೊಯ್ಲಿಗೆ ಹುಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎದೆಲ್ಮಿರಾ ಚೀಲ ಹೊತ್ತು ಮನೆಮನೆ ಸುತ್ತುವುದನ್ನು ನೋಡಿ ನಾಚಿಕೊಂಡೋ ಏನೋ, ಹೆಚ್ಚಿನವರು ತಮ್ಮ ಹಣ್ಣನ್ನು ತಾವೇ ಆಯತೊಡಗಿದ್ದರು. ಔಷಧಿಯ ಮಾತು ಸದ್ಯಕ್ಕೆ ಬದಿಗೆ ಸರಿದಿದೆ. ಕೆಳಗಿನ ತೋಟದವರೊಬ್ಬರು ಮಾತ್ರ ಇಂದಿಗೂ ಪಂಪು ಬಿಟ್ಟಿಲ್ಲ. ಅವರ ಗಡಿಗೆ ತಾಗಿದ ಸಾಲಿನ ಹಣ್ಣನ್ನು ಎದೆಲ್ಮಿರಾ ಬೇರೆ ಪೆಟ್ಟಿಗೆಗೆ ಹಾಕಿ ಪೇಟೆಯ ಮಾಮೂಲಿ ಅಂಗಡಿಗೇ ಕೊಡುತ್ತಾರೆ. "ಗಾಳಿ ಯಾವ ಕಡೆ ಬೀಸಿತ್ತೋ ನನಗೇನು ಗೊತ್ತು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಮಾರಬಾರದು."

ಗ್ರಿಮಾಲ್ದೊ ಕಳೆದ ವರ್ಷ ತಾವಾಗಿ ಸಭೆಯಲ್ಲಿ ಎದ್ದು ಕಣ್ಣಿನ ವಿಷಯ ಹೇಳಿ ಕೀಲಿ ಮೇಜಿನ ಮೇಲಿಟ್ಟರು. ಈ ಸಲ ಯಾರೂ ನಗಲಿಲ್ಲ. ಲಿಮಾದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ. ಜೊತೆಗೆ ಹೋಗಿದ್ದವನು ಸಬಾಸ್. ಇನ್ನೊಂದು ಕಣ್ಣು ಬಾಕಿಯಿದೆ. ಇದನ್ನೆಲ್ಲ ಬರೆಯಬಹುದೇ ಎಂದು ಅವರನ್ನೇ ಕೇಳಿದೆ. ಕಟ್ಟೆಯ ಮೇಲೆ ಕೂತು ಹುರಿದ ಜೋಳ ಅಗಿಯುತ್ತಿದ್ದವರು ನನ್ನತ್ತ ಒಂದು ಕಣ್ಣು ಕಿರಿದು ಮಾಡಿ ನೋಡಿದರು. "ಬರ್ಕೊಳ್ಳಪ್ಪ. ಆದ್ರೆ ದೊಡ್ಡ ಅಕ್ಷರದಲ್ಲಿ ಹಾಕ್ಸು. ಸುಳ್ಳು ಬರೆದಿದ್ರೆ ನನಗೆ ಕಾಣಬೇಕು."

ಬಿಸಿಲು ಮೇಲಿನ ಮೆಟ್ಟಿಲಿಗೆ ಇಳಿದಿದೆ. ಎದೆಲ್ಮಿರಾ ಕೆಲಸ ಮುಗಿಸುವ ಅವಸರದಲ್ಲಿದ್ದಾರೆ. ನನಗೆ ಮಾತ್ರ ಇನ್ನೂ ಒಂದು ಪ್ರಶ್ನೆ ಉಳಿದಿದೆ. ಈ ಕುಂಚ ಬರುವ ಮುನ್ನವೂ ಈ ಬೆಟ್ಟದಲ್ಲಿ ಚಿರಿಮೋಯ ಇತ್ತಲ್ಲ, ಆಗ ಈ ಕೆಲಸವನ್ನು ಯಾರು ಮಾಡುತ್ತಿದ್ದರು?

ಎದೆಲ್ಮಿರಾ ಕೈಯಲ್ಲಿದ್ದ ಕೊಂಬೆ ಬಿಟ್ಟರು. ಗೋಡೆಯಾಚೆ ಕರೆದೊಯ್ದು, ಗ್ರಿಮಾಲ್ದೊನ ತೋಟದ ಹಳೆಯ ಮರವೊಂದರ ಕೊಂಬೆ ಬಗ್ಗಿಸಿ, ಒಂದು ಹೂವಿನ ಎಸಳನ್ನು ಉಗುರಿನಿಂದ ಚೂರೇ ಚೂರು ಸರಿಸಿ ತೋರಿಸಿದರು. ಒಳಗೆ ಎಳ್ಳಿನ ಕಾಳಿನಷ್ಟು ಪುಟ್ಟ, ಕಂದು ಬಣ್ಣದ ಜೀರುಂಡೆಯೊಂದು ಮೈಗೆಲ್ಲ ಪರಾಗದ ಪುಡಿ ಮೆತ್ತಿಕೊಂಡು ಕೂತಿತ್ತು. ಪಂಪು ಹೊಡೆಯುವ ಕಾಲಕ್ಕೆ ಇವೆಲ್ಲ ಹೋಗಿಬಿಟ್ಟಿದ್ದವಂತೆ. ಮಾವ ಹೇಳಿ ಕೇಳಿದ್ದರೇ ಹೊರತು ಎದೆಲ್ಮಿರಾ ಕಣ್ಣಾರೆ ಕಂಡಿರಲಿಲ್ಲ. ಈ ಹಂಗಾಮಿನಲ್ಲಿ ಮೊದಲ ಸಲ ಈ ಮರದಲ್ಲಿ ನಾಲ್ಕಾರು ಕಾಣಿಸಿಕೊಂಡಿವೆ. ಆ ಮರದ ಹೂಗಳಿಗೆ ಅವರು ಕುಂಚ ಹಚ್ಚುವುದಿಲ್ಲ.

"ಮೊನ್ನೆ ಇದರಲ್ಲಿ ಒಂದು ಕಾಯಿ ಕಟ್ಟಿದೆ. ನಾನು ಮುಟ್ಟಿಲ್ಲ, ಭಾವಾನೂ ಮುಟ್ಟಿಲ್ಲ," ಎಂದು ಎಸಳನ್ನು ಮೊದಲಿದ್ದಂತೆ ಮುಚ್ಚಿದರು. "ಸ್ವಲ್ಪ ಸೊಟ್ಟಗೇ ಇದೆ, ಇರ್ಲಿ. ಇವು ಇನ್ನೂ ಕಲೀತಾ ಇವೆ. ಪೂರಾ ಕಲಿತು ಎರಡೂ ತೋಟ ನೋಡ್ಕೊಂಡ್ರೆ ನನ್ನ ಕೆಲಸ ಹೋಯ್ತು. ಅವತ್ತು ಬಿಸಿಲು ಕಿಟಕಿಗೆ ಬರೋವರೆಗೂ ಮಲಗ್ತೀನಿ. ಯಾರಾದ್ರೂ ಬಂದು ಎಬ್ಬಿಸಿದ್ರೆ, ತೋಟದಲ್ಲಿ ಕೆಲಸದೋರು ಇದ್ದಾರೆ, ಹೋಗಿ ಅಂತೀನಿ."